ಯಾರು, ಯಾವಾಗ, ಏನನ್ನು ಬದಲಿಸಿದರು? ಡೇಟಾಬೇಸಿಗೂ ಬೇಕು ಒಂದು ‘ಬದಲಾವಣೆ ವಹಿ’

ಕಾಗದದ ವಹಿಯಲ್ಲಿ ಒಂದು ಅಂಕಿಯನ್ನು ತಿದ್ದಿದರೆ ತಿದ್ದಿದ ಗುರುತು ಉಳಿಯುತ್ತದೆ. ಹಳೆಯ ಅಂಕಿಯ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಹೊಸ ಅಂಕಿ, ಅದರ ಬಳಿ ಗುಮಾಸ್ತರ ಚಿಕ್ಕ ಸಹಿ. ಇದು ನಮ್ಮ ಕಚೇರಿಗಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಪದ್ಧತಿ. ಬಿಳಿ ಮಸಿ ಬಳಿದು ತಿದ್ದಿದ ಲೆಕ್ಕವನ್ನು ಪರಿಶೋಧಕರು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಅದೇ ವಹಿ ಗಣಕಯಂತ್ರಕ್ಕೆ ಏರಿದೊಡನೆ ಈ ಶಿಸ್ತು ಕಾಣೆಯಾಗುತ್ತದೆ. ಪರದೆಯ ಮೇಲೆ ಹೊಸ ಅಂಕಿ ಬಂದು ಕುಳಿತರೆ ಹಳೆಯದು ಸುಳಿವೂ ಇಲ್ಲದಂತೆ ಮಾಯವಾಗುತ್ತದೆ. ಅದಕ್ಕೆ ಅಡ್ಡಗೆರೆಯೂ ಇಲ್ಲ, ಸಹಿಯೂ ಇಲ್ಲ.

ಇದರ ಪರಿಣಾಮವೇನು? ಒಂದು ಶಿಕ್ಷಣ ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಡೇಟಾಬೇಸಿನಲ್ಲಿ ‘ವಿದ್ಯಾರ್ಥಿಗಳು’, ‘ಶುಲ್ಕ’, ‘ವಿದ್ಯಾರ್ಥಿವೇತನ’ ಎಂಬ ಮೂರು ಕೋಷ್ಟಕಗಳಿವೆ. ಜೂನ್ ತಿಂಗಳಿನಲ್ಲಿ ಯಾರೋ ಒಬ್ಬ ವಿದ್ಯಾರ್ಥಿನಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಬದಲಿಸುತ್ತಾರೆ. ಸೆಪ್ಟೆಂಬರಿನಲ್ಲಿ ಆಕೆಯ ವಿದ್ಯಾರ್ಥಿವೇತನ ಇನ್ನಾರದೋ ಖಾತೆಗೆ ಜಮೆಯಾಗುತ್ತದೆ. ತಂದೆ ಬಂದು ಕೇಳಿದಾಗ ಕಚೇರಿಯಲ್ಲಿ ಉತ್ತರವಿಲ್ಲ. ಹಿಂದೆ ಯಾವ ಸಂಖ್ಯೆ ಇತ್ತು, ಬದಲಿಸಿದವರು ಯಾರು, ಅದು ಬೆರಳು ತಪ್ಪಿದ್ದೋ ಬೇಕೆಂದೇ ಮಾಡಿದ್ದೋ ಎಂಬುದನ್ನು ಹೇಳುವ ಒಂದು ಸಾಲೂ ಡೇಟಾಬೇಸಿನಲ್ಲಿಲ್ಲ. ಹುಡುಗಿಗೆ ಹಣ ತಪ್ಪಿತು ಎಂಬುದು ಒಂದು ನಷ್ಟ. ಅಲ್ಲಿ ಕೆಲಸ ಮಾಡುವ ನಾಲ್ವರು ಗುಮಾಸ್ತರೂ ಏಕಕಾಲಕ್ಕೆ ಅನುಮಾನಕ್ಕೆ ಗುರಿಯಾದರು ಎಂಬುದು ಇನ್ನೊಂದು ನಷ್ಟ.

ಈ ತೊಡಕಿಗೆ ಪರಿಹಾರ ಉಂಟು. ಅದಕ್ಕೆ ದುಬಾರಿ ತಂತ್ರಾಂಶವಾಗಲಿ, ಪರಿಣತ ಪ್ರೋಗ್ರಾಮರ್ ಆಗಲಿ ಬೇಕಿಲ್ಲ. ಬೇಕಾದುದು ಒಂದು ಪ್ರತ್ಯೇಕ ಕೋಷ್ಟಕ ಮತ್ತು ಅದನ್ನು ತಪ್ಪದೆ ತುಂಬಿಸುವ ಒಂದು ವ್ಯವಸ್ಥೆ. ಅದು ಹೇಗೆ ಎಂಬುದೇ ಈ ಲೇಖನದ ವಿಷಯ.

ಲೋ-ಕೋಡ್ ಎಂದರೇನು?

ಹೆಚ್ಚು ಪ್ರೋಗ್ರಾಂ ಬರೆಯದೆ, ಸಿದ್ಧ ಚೌಕಟ್ಟಿನೊಳಗೆ ಕೋಷ್ಟಕ, ನಮೂನೆ, ವರದಿಗಳನ್ನು ಜೋಡಿಸಿ ತಂತ್ರಾಂಶ ಕಟ್ಟಲು ನೆರವಾಗುವ ಸಾಧನಗಳಿಗೆ ‘ಲೋ-ಕೋಡ್’ ಎಂಬ ಹೆಸರಿದೆ. ಈ ಹೆಸರನ್ನು 2014ರಲ್ಲಿ ಬಳಕೆಗೆ ತಂದದ್ದು ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆ. ಹೆಸರು ಹೊಸದಾದರೂ ವಸ್ತು ಹಳೆಯದು. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಇಂತಹುದೇ ಸಾಧನ. ಏರ್‌ಟೇಬಲ್, ಸೇಲ್ಸ್‌ಫೋರ್ಸ್, ಮೈಕ್ರೋಸಾಫ್ಟ್ ಡೇಟಾವರ್ಸ್, ಮುಂಬೈ ಮೂಲದ ಫ್ರಾಪೆ ಮೊದಲಾದವು ಇದೇ ಸಾಲಿನ ಈಚಿನ ಹೆಸರುಗಳು.

ಇವುಗಳ ಬಲವೇ ಇವುಗಳ ದೌರ್ಬಲ್ಯವೂ ಹೌದು. ಕಚೇರಿಯ ಒಬ್ಬ ಉತ್ಸಾಹಿ ನೌಕರ ಒಂದು ವಾರದಲ್ಲಿ ಡೇಟಾಬೇಸ್ ಕಟ್ಟಿಬಿಡಬಹುದು. ಮಾಹಿತಿ ತುಂಬುವುದು, ಹುಡುಕುವುದು, ಮುದ್ರಿಸುವುದು ಎಲ್ಲವೂ ಸರಾಗ. ಆದರೆ ಬದಲಾವಣೆಯ ಚರಿತ್ರೆ ಬೇಕೆಂಬ ಯೋಚನೆ ಬರುವುದು ಮೊದಲ ಜಗಳ ಆದ ಮೇಲೆಯೇ. ಆಗ ಹಿಂದಿನದನ್ನು ಮರಳಿ ಪಡೆಯುವುದು ಸಾಧ್ಯವಿಲ್ಲ. ಬದಲಾವಣೆ ವಹಿ ಆರಂಭಿಸಿದ ದಿನದಿಂದ ಮುಂದಕ್ಕೆ ಮಾತ್ರ ಸಾಕ್ಷಿ ನುಡಿಯಬಲ್ಲದು.

ಪಹಣಿ ಮತ್ತು ಮ್ಯುಟೇಶನ್

ಈ ವಿಚಾರ ಕನ್ನಡಿಗರಿಗೆ ಹೊಸದೇನಲ್ಲ. ನಮ್ಮ ಜಮೀನಿನ ದಾಖಲೆಗಳನ್ನೇ ನೋಡಿ. ಪಹಣಿ ಜಮೀನಿನ ಇಂದಿನ ಸ್ಥಿತಿಯನ್ನು ಹೇಳುತ್ತದೆ: ಸರ್ವೆ ನಂಬರು, ವಿಸ್ತೀರ್ಣ, ಮಾಲೀಕರ ಹೆಸರು. ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹೇಳುವುದು ಮ್ಯುಟೇಶನ್ ವಹಿ. ಕ್ರಯದಿಂದಲೋ, ಪೌತಿಯಿಂದಲೋ, ವಿಭಾಗದಿಂದಲೋ, ಯಾರಿಂದ ಯಾರಿಗೆ, ಯಾವ ಆದೇಶದ ಮೇರೆಗೆ ಎಂಬುದೆಲ್ಲ ಅಲ್ಲಿ ಇರುತ್ತದೆ. ಪಹಣಿಯಲ್ಲಿ ನಮೂದಾಗುವ ಎಂ.ಆರ್. ಸಂಖ್ಯೆ ಈ ಎರಡನ್ನೂ ಬೆಸೆಯುವ ಕೊಂಡಿ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಆಗಲೂ ಮ್ಯುಟೇಶನ್ ವ್ಯವಸ್ಥೆಯನ್ನು ಕೈಬಿಡಲಿಲ್ಲ. ಬದಲಿಗೆ, ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಪ್ರವೇಶಿಸಬೇಕೆಂಬ ನಿಯಮ ಸೇರಿತು. ತಿದ್ದಿದವರು ‘ನಾನಲ್ಲ’ ಎನ್ನುವಂತಿರಬಾರದು ಎಂಬುದೇ ಅದರ ಉದ್ದೇಶ.

ಪಾಠ ಸ್ಪಷ್ಟ. ಈಗಿನ ಸ್ಥಿತಿ ಬೇರೆ, ಆ ಸ್ಥಿತಿಗೆ ಬಂದ ದಾರಿ ಬೇರೆ. ಎರಡಕ್ಕೂ ಬೇರೆ ಬೇರೆ ವಹಿ ಬೇಕು. ಚಿಕ್ಕ ಕಚೇರಿಯ ಡೇಟಾಬೇಸಿಗೂ ಇದೇ ಮಾತು ಅನ್ವಯಿಸುತ್ತದೆ.

ಸಾಲದೆ ಬರುವ ಮೂರು ಉಪಾಯಗಳು

ಸಾಮಾನ್ಯವಾಗಿ ಜನರು ಮೊದಲು ಹಿಡಿಯುವ ದಾರಿಗಳು ಮೂರು. ಮೂರರಲ್ಲೂ ಕೊರತೆಯಿದೆ.

ಮೊದಲನೆಯದು, ಪ್ರತಿ ಕೋಷ್ಟಕದಲ್ಲೂ ‘ಕೊನೆಯ ಬಾರಿ ಬದಲಿಸಿದ ದಿನ’ ಮತ್ತು ‘ಬದಲಿಸಿದವರು’ ಎಂಬ ಎರಡು ಫೀಲ್ಡ್ ಸೇರಿಸುವುದು. ಇದು ಕೊನೆಯ ಬದಲಾವಣೆಯನ್ನು ಮಾತ್ರ ಹೇಳುತ್ತದೆ. ಜೂನ್‌ನಲ್ಲಿ ಖಾತೆ ಸಂಖ್ಯೆ ಬದಲಿಸಿದವರ ಹೆಸರನ್ನು ಜುಲೈಯಲ್ಲಿ ವಿಳಾಸ ಬದಲಿಸಿದವರ ಹೆಸರು ಅಳಿಸಿಹಾಕುತ್ತದೆ. ಯಾವ ಫೀಲ್ಡ್ ಬದಲಾಯಿತು, ಹಳೆಯ ಮೌಲ್ಯ ಏನಿತ್ತು ಎಂಬುದಂತೂ ತಿಳಿಯುವುದೇ ಇಲ್ಲ. ಪರಿಣಾಮವಾಗಿ, ವಿಳಾಸ ತಿದ್ದಿದ ನಿರಪರಾಧಿಯೇ ಸಿಕ್ಕಿಬೀಳುತ್ತಾರೆ.

ಎರಡನೆಯದು, ಪ್ರತಿರಾತ್ರಿ ಇಡೀ ಕಡತದ ನಕಲು ತೆಗೆದಿಡುವುದು. ಬ್ಯಾಕಪ್ ಅತ್ಯಗತ್ಯ, ಅದರಲ್ಲಿ ಸಂಶಯವಿಲ್ಲ. ಆದರೆ ಎರಡು ನಕಲುಗಳನ್ನು ಹೋಲಿಸಿದರೆ ಬದಲಾವಣೆ ಆಗಿದೆ ಎಂದು ತಿಳಿಯಬಹುದೇ ಹೊರತು ಯಾರು ಮಾಡಿದರೆಂದು ತಿಳಿಯದು. ಬೆಳಿಗ್ಗೆ ಬದಲಿಸಿ ಸಂಜೆ ಮರಳಿ ಸರಿಪಡಿಸಿದ ಅಂಕಿ ಯಾವ ನಕಲಿಗೂ ಸಿಗುವುದಿಲ್ಲ.

ಮೂರನೆಯದು, ಪ್ರತಿ ಕೋಷ್ಟಕಕ್ಕೂ ಒಂದೊಂದು ಚರಿತ್ರೆ ಕೋಷ್ಟಕ ಕಟ್ಟುವುದು. ಇದು ತಪ್ಪಲ್ಲ, ದೊಡ್ಡ ಸಂಸ್ಥೆಗಳಲ್ಲಿ ರೂಢಿಯೂ ಇದೆ. ಆದರೆ ಹದಿನೈದು ಕೋಷ್ಟಕಗಳಿದ್ದರೆ ಹದಿನೈದು ಚರಿತ್ರೆಗಳು. ಮೂಲಕ್ಕೆ ಒಂದು ಫೀಲ್ಡ್ ಸೇರಿಸಿದರೆ ಚರಿತ್ರೆಗೂ ಸೇರಿಸಬೇಕು. ‘ನಿನ್ನೆ ಇಡೀ ಕಚೇರಿಯಲ್ಲಿ ಏನೇನು ಬದಲಾಯಿತು?’ ಎಂಬ ಸರಳ ಪ್ರಶ್ನೆಗೂ ಹದಿನೈದು ಕಡೆ ಹುಡುಕಬೇಕು. ಒಬ್ಬಿಬ್ಬರು ನೋಡಿಕೊಳ್ಳುವ ಡೇಟಾಬೇಸಿಗೆ ಇದು ಹೊರೆ.

ಎಲ್ಲ ಕೋಷ್ಟಕಗಳಿಗೂ ಒಂದೇ ವಹಿ

ಚಿಕ್ಕ ಮತ್ತು ಮಧ್ಯಮ ಗಾತ್ರದ ಕಚೇರಿಗೆ ಒಪ್ಪುವುದು ಒಂದೇ ಬದಲಾವಣೆ ವಹಿ. ಒಂದು ಫೀಲ್ಡ್ ಒಮ್ಮೆ ಬದಲಾದರೆ ವಹಿಯಲ್ಲಿ ಒಂದು ಸಾಲು. ಆ ಸಾಲಿನಲ್ಲಿ ಈ ಕೆಳಗಿನ ವಿವರಗಳು ಇರಬೇಕು.

1. ಕ್ರಮಸಂಖ್ಯೆ: ಡೇಟಾಬೇಸ್ ತಾನಾಗಿಯೇ ಕೊಡುವುದು.
2. ದಿನಾಂಕ ಮತ್ತು ಸಮಯ.
3. ಕೋಷ್ಟಕದ ಹೆಸರು: ‘ವಿದ್ಯಾರ್ಥಿಗಳು’, ‘ಶುಲ್ಕ’ ಇತ್ಯಾದಿ.
4. ಆ ಕೋಷ್ಟಕದಲ್ಲಿ ಬದಲಾದ ಸಾಲಿನ ಗುರುತು ಸಂಖ್ಯೆ.
5. ಫೀಲ್ಡಿನ ಹೆಸರು.
6. ಹಳೆಯ ಮೌಲ್ಯ.
7. ಹೊಸ ಮೌಲ್ಯ.
8. ಬದಲಿಸಿದವರು.
9. ಕ್ರಿಯೆ: ಸೇರ್ಪಡೆ, ತಿದ್ದುಪಡಿ ಅಥವಾ ಅಳಿಸುವಿಕೆ.
10. ಕಾರಣ ಮತ್ತು ಕಡತ ಸಂಖ್ಯೆ.

ಮೂರರಿಂದ ಐದರವರೆಗಿನ ವಿವರಗಳು ಸೇರಿಯೇ ಒಂದು ವಹಿ ಹಲವು ಕೋಷ್ಟಕಗಳಿಗೆ ಸಾಲುವಂತಾಗುತ್ತದೆ. ಕೋಷ್ಟಕದ ಹೆಸರು ಊರು, ಸಾಲಿನ ಸಂಖ್ಯೆ ಮನೆ, ಫೀಲ್ಡಿನ ಹೆಸರು ಕೋಣೆ ಎಂದುಕೊಂಡರೆ ವಿಳಾಸ ಪೂರ್ಣವಾಯಿತು.

ಹತ್ತನೆಯ ವಿವರವನ್ನು ಅನೇಕರು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬಾರದು. ಒಬ್ಬ ವಿದ್ಯಾರ್ಥಿ ಶಾಲೆ ಬಿಟ್ಟರೆ ಆತನ ಸ್ಥಿತಿ ಒಂದು ಕೋಷ್ಟಕದಲ್ಲಿ, ಶುಲ್ಕದ ಬಾಕಿ ಇನ್ನೊಂದರಲ್ಲಿ, ವಿದ್ಯಾರ್ಥಿವೇತನ ಮತ್ತೊಂದರಲ್ಲಿ ಬದಲಾಗುತ್ತದೆ. ವಹಿಯಲ್ಲಿ ಮೂರು ಬಿಡಿ ಸಾಲುಗಳು ಕಾಣುತ್ತವೆ. ವರ್ಗಾವಣೆ ಅರ್ಜಿಯ ಸಂಖ್ಯೆ ಮೂರಕ್ಕೂ ಇದ್ದರೆ ಅವು ಒಂದೇ ಕ್ರಿಯೆಯ ಮೂರು ಮುಖಗಳೆಂದು ವರ್ಷಗಳ ನಂತರ ನೋಡುವವರಿಗೂ ತಿಳಿಯುತ್ತದೆ.

ಎಲ್ಲ ಫೀಲ್ಡುಗಳನ್ನೂ ಹಿಂಬಾಲಿಸುವ ಅಗತ್ಯವಿಲ್ಲ. ಯಾವ ಫೀಲ್ಡ್ ಬದಲಾದರೆ ಯಾರಿಗಾದರೂ ಹಣ, ಹಕ್ಕು ಅಥವಾ ಅವಕಾಶ ತಪ್ಪುವುದೋ ಅದನ್ನು ಹಿಂಬಾಲಿಸಬೇಕು. ಹೆಸರು, ಜನ್ಮದಿನಾಂಕ, ಮೀಸಲಾತಿ ವರ್ಗ, ಖಾತೆ ಸಂಖ್ಯೆ, ಶುಲ್ಕ ರಿಯಾಯಿತಿ, ಅಂಕಗಳು ಈ ಪಟ್ಟಿಯಲ್ಲಿ ಬರುತ್ತವೆ. ತಾನಾಗಿಯೇ ಲೆಕ್ಕ ಹಾಕಿಕೊಳ್ಳುವ ಮೊತ್ತವನ್ನು ಬಿಡಬಹುದು. ಅದರ ಮೂಲ ಅಂಕಿಗಳು ದಾಖಲಾದರೆ ಸಾಕು.

ಆಕ್ಸೆಸ್‌ನಲ್ಲಿ ಕಟ್ಟುವ ಬಗೆ

ಉದಾಹರಣೆಗೆ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನು ತೆಗೆದುಕೊಳ್ಳೋಣ. ಇದರಲ್ಲಿ ಎರಡು ದಾರಿಗಳಿವೆ.

ಹಳೆಯ ದಾರಿ ನಮೂನೆಯ ಮೂಲಕ ಹೋಗುತ್ತದೆ. ಮಾಹಿತಿ ತುಂಬುವ ಪ್ರತಿ ನಮೂನೆಗೂ ‘ಬಿಫೋರ್ ಅಪ್‌ಡೇಟ್’ ಎಂಬ ಘಟನೆಯುಂಟು. ಉಳಿಸುವ ಮುನ್ನ ಅದು ನಡೆಯುತ್ತದೆ. ಆಗ ಪ್ರತಿ ಪೆಟ್ಟಿಗೆಯ ‘ಓಲ್ಡ್ ವ್ಯಾಲ್ಯೂ’ ಎಂಬ ಗುಣದಲ್ಲಿ ಹಳೆಯ ಮೌಲ್ಯ ಇನ್ನೂ ಉಳಿದಿರುತ್ತದೆ. ವಿಷುವಲ್ ಬೇಸಿಕ್‌ನ ಕೆಲವು ಸಾಲುಗಳಿಂದ ಅದನ್ನು ವಹಿಗೆ ಬರೆಯಬಹುದು. ತೊಂದರೆಯೆಂದರೆ, ನಮೂನೆಯ ಮೂಲಕ ಬಂದ ಬದಲಾವಣೆಗೆ ಮಾತ್ರ ಇದು ಕಾವಲು. ಯಾರಾದರೂ ಕೋಷ್ಟಕವನ್ನೇ ನೇರವಾಗಿ ತೆರೆದು ತಿದ್ದಿದರೆ, ಅಥವಾ ‘ಅಪ್‌ಡೇಟ್ ಕ್ವೆರಿ’ಯಿಂದ ನೂರು ಸಾಲುಗಳನ್ನು ಒಮ್ಮೆಗೇ ಬದಲಿಸಿದರೆ ನಮೂನೆಗೆ ಸುದ್ದಿಯೇ ಇರುವುದಿಲ್ಲ. ಮುಂಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತೆ.

ಎರಡನೆಯ ದಾರಿ ಆಕ್ಸೆಸ್ 2010ರಲ್ಲಿ ಬಂದ ‘ಡೇಟಾ ಮ್ಯಾಕ್ರೋ’. ಇದು ನಮೂನೆಗೆ ಅಲ್ಲ, ಕೋಷ್ಟಕಕ್ಕೇ ಅಂಟಿಕೊಂಡಿರುತ್ತದೆ. ಬದಲಾವಣೆ ನಮೂನೆಯಿಂದ ಬರಲಿ, ನೇರ ತಿದ್ದುಪಡಿಯಿಂದ ಬರಲಿ, ಕ್ವೆರಿಯಿಂದ ಬರಲಿ, ಮ್ಯಾಕ್ರೋ ಎಚ್ಚರಗೊಳ್ಳುತ್ತದೆ. ‘ಆಫ್ಟರ್ ಇನ್ಸರ್ಟ್’, ‘ಆಫ್ಟರ್ ಅಪ್‌ಡೇಟ್’, ‘ಆಫ್ಟರ್ ಡಿಲೀಟ್’, ‘ಬಿಫೋರ್ ಚೇಂಜ್’, ‘ಬಿಫೋರ್ ಡಿಲೀಟ್’ ಎಂಬ ಐದು ಸಂದರ್ಭಗಳಿಗೆ ಇದನ್ನು ಜೋಡಿಸಬಹುದು. ಹೊಸ ಸಾಲು ಬರೆಯುವ ಕ್ರಿಯೆ ‘ಬಿಫೋರ್’ ಸಂದರ್ಭಗಳಲ್ಲಿ ಸಾಧ್ಯವಿಲ್ಲದ ಕಾರಣ ವಹಿಯ ಕೆಲಸಕ್ಕೆ ‘ಆಫ್ಟರ್’ ಮೂರನ್ನೇ ಬಳಸಬೇಕು.

ಕೆಲಸದ ಕ್ರಮ ಹೀಗಿದೆ.

ಮೊದಲು ‘ಬದಲಾವಣೆ ವಹಿ’ ಎಂಬ ಕೋಷ್ಟಕವನ್ನು ಮೇಲಿನ ಹತ್ತು ಫೀಲ್ಡುಗಳೊಂದಿಗೆ ರಚಿಸಿ. ಸಮಯದ ಫೀಲ್ಡಿಗೆ ಪೂರ್ವನಿಗದಿತ ಮೌಲ್ಯವಾಗಿ ‘ನೌ’ ಎಂಬ ಫಂಕ್ಷನ್ ಕೊಟ್ಟರೆ ಅದು ತಾನೇ ತುಂಬಿಕೊಳ್ಳುತ್ತದೆ.

ಎರಡನೆಯ ಹಂತದಲ್ಲಿ, ಈ ವಹಿ ಕೋಷ್ಟಕದಲ್ಲಿಯೇ ಒಂದು ‘ನೇಮ್ಡ್ ಮ್ಯಾಕ್ರೋ’ ಬರೆಯಿರಿ. ಕೋಷ್ಟಕದ ಹೆಸರು, ಸಾಲಿನ ಸಂಖ್ಯೆ, ಫೀಲ್ಡ್, ಹಳೆಯದು, ಹೊಸದು, ಬದಲಿಸಿದವರು, ಕ್ರಿಯೆ, ಕಾರಣ ಇವೆಲ್ಲ ಅದಕ್ಕೆ ಹೊರಗಿನಿಂದ ಬರುವ ನಿಯತಾಂಕಗಳು. ‘ಕ್ರಿಯೇಟ್ ರೆಕಾರ್ಡ್’ ಮತ್ತು ‘ಸೆಟ್ ಫೀಲ್ಡ್’ ಎಂಬ ಎರಡು ಕ್ರಿಯೆಗಳಿಂದ ಅವನ್ನು ವಹಿಗೆ ಇಳಿಸುವುದಷ್ಟೇ ಇದರ ಕೆಲಸ.

ಮೂರನೆಯದಾಗಿ, ‘ವಿದ್ಯಾರ್ಥಿಗಳು’ ಕೋಷ್ಟಕದ ‘ಆಫ್ಟರ್ ಅಪ್‌ಡೇಟ್’ ತೆರೆಯಿರಿ. ಹಿಂಬಾಲಿಸಬೇಕಾದ ಪ್ರತಿ ಫೀಲ್ಡಿಗೂ ಒಂದು ‘ಇಫ್’. ಫೀಲ್ಡ್ ಬದಲಾಯಿತೇ ಎಂದು ಹೇಳಲು ‘ಅಪ್‌ಡೇಟೆಡ್’ ಎಂಬ ಫಂಕ್ಷನ್ ಇದೆ. ಬದಲಾಗಿದ್ದರೆ ‘ರನ್ ಡೇಟಾ ಮ್ಯಾಕ್ರೋ’ ಮೂಲಕ ಆ ಹೆಸರಿಟ್ಟ ಮ್ಯಾಕ್ರೋವನ್ನು ಕರೆಯಿರಿ. ಹಳೆಯ ಮೌಲ್ಯ ‘ಓಲ್ಡ್’ ಎಂಬ ಪೂರ್ವಪದ ಹಚ್ಚಿದ ಫೀಲ್ಡಿನಲ್ಲಿ ಸಿಗುತ್ತದೆ.

ಕೊನೆಯದಾಗಿ, ಇದನ್ನೇ ‘ಶುಲ್ಕ’ ಮತ್ತು ‘ವಿದ್ಯಾರ್ಥಿವೇತನ’ ಕೋಷ್ಟಕಗಳಲ್ಲಿ ಪುನರಾವರ್ತಿಸಿ. ‘ಆಫ್ಟರ್ ಇನ್ಸರ್ಟ್’ನಲ್ಲಿ ಹೊಸ ಸಾಲಿನ ಮುಖ್ಯ ಮೌಲ್ಯಗಳನ್ನು, ‘ಆಫ್ಟರ್ ಡಿಲೀಟ್’ನಲ್ಲಿ ಅಳಿದ ಸಾಲಿನ ಮುಖ್ಯ ಮೌಲ್ಯಗಳನ್ನು ವಹಿಗೆ ಕಳುಹಿಸಿ. ವಹಿ ಬರೆಯುವ ಮ್ಯಾಕ್ರೋ ಒಂದೇ ಇರುವುದರಿಂದ ಮುಂದೆ ಅದರ ರೂಪ ಬದಲಿಸಬೇಕಾದರೆ ಒಂದು ಕಡೆ ತಿದ್ದಿದರೆ ಬಹುಪಾಲು ಕೆಲಸ ಮುಗಿಯುತ್ತದೆ.

ಎಡವುವ ಜಾಗಗಳು

ಖಾಲಿ ಫೀಲ್ಡ್: ‘ಹಳೆಯದು ಹೊಸದಕ್ಕೆ ಸಮವಲ್ಲ’ ಎಂಬ ಹೋಲಿಕೆಯನ್ನೇ ನೆಚ್ಚಿಕೊಂಡವರು ಇಲ್ಲಿ ಬೀಳುತ್ತಾರೆ. ಹಳೆಯ ಮೌಲ್ಯ ಖಾಲಿ, ಅಂದರೆ ‘ನಲ್’ ಆಗಿದ್ದರೆ ಆ ಹೋಲಿಕೆಯ ಉತ್ತರ ‘ಹೌದು’ ಆಗುವುದಿಲ್ಲ, ಅದೂ ‘ನಲ್’ ಆಗುತ್ತದೆ. ಮ್ಯಾಕ್ರೋ ಸುಮ್ಮನಾಗುತ್ತದೆ. ಖಾಲಿ ಇದ್ದ ಜಾಗಕ್ಕೆ ಖಾತೆ ಸಂಖ್ಯೆ ಬಂದದ್ದು, ಇದ್ದ ಖಾತೆ ಸಂಖ್ಯೆ ಖಾಲಿಯಾದದ್ದು ಎರಡೂ ವಹಿಗೆ ಬರುವುದಿಲ್ಲ. ಖಾಲಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಬದಲಿಸಿದವರ ಹೆಸರು: ಆಕ್ಸೆಸ್‌ನ ‘ಕರೆಂಟ್ ಯೂಸರ್’ ಫಂಕ್ಷನ್ ನೋಡಿ ಹಿಗ್ಗಬೇಡಿ. 2007ರಲ್ಲಿ ಬಂದ ಹೊಸ ಕಡತ ಮಾದರಿಯಲ್ಲಿ ಬಳಕೆದಾರರ ಮಟ್ಟದ ಭದ್ರತೆಯನ್ನು ಕೈಬಿಡಲಾಯಿತು. ಆದ್ದರಿಂದ ಅದು ಎಲ್ಲರಿಗೂ ‘ಅಡ್ಮಿನ್’ ಎಂದೇ ಉತ್ತರಿಸುತ್ತದೆ. ಪ್ರತಿ ಕೋಷ್ಟಕದಲ್ಲಿ ‘ತಿದ್ದಿದವರು’ ಎಂಬ ಫೀಲ್ಡ್ ಇಟ್ಟು, ನಮೂನೆಯು ವಿಂಡೋಸ್ ಲಾಗಿನ್ ಹೆಸರನ್ನು ಅಲ್ಲಿ ತುಂಬಿಸಿ, ಮ್ಯಾಕ್ರೋ ಅದನ್ನು ವಹಿಗೆ ನಕಲು ಮಾಡುವಂತೆ ಏರ್ಪಡಿಸಬಹುದು. ನೇರವಾಗಿ ಕೋಷ್ಟಕ ತೆರೆದು ತಿದ್ದಿದರೆ ಈ ಫೀಲ್ಡಿನಲ್ಲಿ ಹಿಂದಿನವರ ಹೆಸರೇ ಉಳಿದು ವಹಿ ಸುಳ್ಳು ಹೇಳುತ್ತದೆ. ಹೀಗಾಗಿ ಸಿಬ್ಬಂದಿಗೆ ಕೋಷ್ಟಕಗಳು ಕಾಣದಂತೆ ನಮೂನೆಗಳನ್ನು ಮಾತ್ರ ಕೊಡುವುದು ಲೇಸು. ನಾಲ್ವರೂ ಒಂದೇ ಪಾಸ್‌ವರ್ಡ್ ಹಂಚಿಕೊಂಡರೆ ಯಾವ ತಂತ್ರಾಂಶವೂ ನೆರವಿಗೆ ಬಾರದು.

ಸಂಕೇತ ಸಂಖ್ಯೆಗಳು: ಜಿಲ್ಲೆಯ ಫೀಲ್ಡಿನಲ್ಲಿ ‘ತುಮಕೂರು’ ಎಂದು ಕಂಡರೂ ಒಳಗೆ 7 ಎಂಬ ಸಂಖ್ಯೆ ಮಾತ್ರ ಇರಬಹುದು. ವಹಿಯಲ್ಲಿ ‘7ರಿಂದ 12’ ಎಂದು ಬರೆದಿಟ್ಟರೆ ಐದು ವರ್ಷಗಳ ನಂತರ ಅರ್ಥವಾಗದು. ಸಂಖ್ಯೆಯ ಜೊತೆಗೆ ಅಂದಿನ ಹೆಸರನ್ನೂ ಬರೆಯಬೇಕು.

ದಿನಾಂಕ: 03-04 ಎಂಬುದು ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ವಹಿಯಲ್ಲಿ ಹಳೆಯ ಮತ್ತು ಹೊಸ ಮೌಲ್ಯಗಳು ಪಠ್ಯರೂಪದಲ್ಲಿ ಇರುವುದರಿಂದ ವರ್ಷ-ತಿಂಗಳು-ದಿನ ಎಂಬ ಒಂದೇ ಕ್ರಮವನ್ನು ಪಾಲಿಸಬೇಕು.

ಉದ್ದದ ಟಿಪ್ಪಣಿ: ‘ಶಾರ್ಟ್ ಟೆಕ್ಸ್ಟ್’ ಫೀಲ್ಡ್ 255 ಅಕ್ಷರಗಳನ್ನು ಮಾತ್ರ ಹಿಡಿಯುತ್ತದೆ. ಉದ್ದದ ಟಿಪ್ಪಣಿಗಳಿಗೆ ‘ಲಾಂಗ್ ಟೆಕ್ಸ್ಟ್’ ಫೀಲ್ಡಿನಲ್ಲಿ ‘ಅಪೆಂಡ್ ಓನ್ಲಿ’ ಎಂಬ ಪ್ರತ್ಯೇಕ ಸೌಲಭ್ಯವಿದೆ. ಅದು ಹಳೆಯ ಟಿಪ್ಪಣಿಗಳನ್ನು ಸಮಯಸಹಿತ ಉಳಿಸುತ್ತದೆ, ಬರೆದವರ ಹೆಸರನ್ನು ಮಾತ್ರ ಉಳಿಸುವುದಿಲ್ಲ.

ಮೌನ ವೈಫಲ್ಯ: ಡೇಟಾ ಮ್ಯಾಕ್ರೋ ತಪ್ಪಿದರೆ ಪರದೆಯ ಮೇಲೆ ಎಚ್ಚರಿಕೆ ಬರದೇ ಹೋಗಬಹುದು. ದೋಷಗಳು ‘ಯುಸಿಸ್ ಅಪ್ಲಿಕೇಶನ್ ಲಾಗ್’ ಎಂಬ ಕೋಷ್ಟಕದಲ್ಲಿ ದಾಖಲಾಗುತ್ತವೆ. ವಾರಕ್ಕೊಮ್ಮೆ ಅದನ್ನು ನೋಡುವ ಅಭ್ಯಾಸ ಇರಲಿ.

ಗಾತ್ರ: ಆಕ್ಸೆಸ್ ಕಡತದ ಗರಿಷ್ಠ ಗಾತ್ರ 2 ಗಿಗಾಬೈಟ್. ವಹಿ ಎಂದೂ ಕುಗ್ಗುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ವರ್ಷಾಂತ್ಯದಲ್ಲಿ ಹಳೆಯ ಸಾಲುಗಳನ್ನು ಬೇರೆ ಕಡತಕ್ಕೆ ಸರಿಸಿ, ಆ ಕಡತವನ್ನು ಓದಲು ಮಾತ್ರ ಬರುವಂತೆ ಇಟ್ಟುಕೊಳ್ಳಬೇಕು.

ಬೇರೆ ಸಾಧನಗಳಲ್ಲಿ ಏನಿದೆ?

ಏರ್‌ಟೇಬಲ್‌ನಲ್ಲಿ ಪ್ರತಿ ಸಾಲಿಗೂ ಪರಿಷ್ಕರಣ ಚರಿತ್ರೆ ಕಾಣುತ್ತದೆ. ಆದರೆ ಅದು ಎಷ್ಟು ಕಾಲ ಉಳಿಯುವುದೆಂಬುದು ನೀವು ಹಣ ತೆತ್ತ ಯೋಜನೆಯನ್ನು ಅವಲಂಬಿಸಿದೆ. ಹಲವು ಕೋಷ್ಟಕಗಳ ಬದಲಾವಣೆಯನ್ನು ಒಂದೆಡೆ ತರಲು ‘ಆಟೋಮೇಶನ್’ ಬಳಸುವವರಿಗೆ ಎರಡು ಅಡ್ಡಿಗಳಿವೆ. ‘ಸಾಲು ಬದಲಾದಾಗ’ ಎಂಬ ಪ್ರಚೋದಕ ಒಂದು ಕೋಷ್ಟಕವನ್ನು ಮಾತ್ರ ಗಮನಿಸುತ್ತದೆ. ಮೂರು ಕೋಷ್ಟಕಗಳಿಗೆ ಮೂರು ಆಟೋಮೇಶನ್ ಬೇಕು. ಇನ್ನೂ ಮುಖ್ಯವಾಗಿ, ಅದು ಹೊಸ ಮೌಲ್ಯವನ್ನು ಕೊಡುತ್ತದೆಯೇ ಹೊರತು ಹಳೆಯದನ್ನು ಕೊಡುವುದಿಲ್ಲ. ಇದಕ್ಕೆ ಜನ ಕಂಡುಕೊಂಡ ಉಪಾಯ ‘ನೆರಳು ಫೀಲ್ಡ್’. ಖಾತೆ ಸಂಖ್ಯೆಯ ಪಕ್ಕದಲ್ಲಿ ಅದರದೇ ನಕಲನ್ನು ಅಡಗಿಸಿಡುವುದು, ಬದಲಾವಣೆ ಆದಾಗ ಎರಡನ್ನೂ ಹೋಲಿಸಿ ವಹಿಗೆ ಬರೆಯುವುದು, ಅನಂತರ ನಕಲನ್ನು ಹೊಸದಕ್ಕೆ ಸರಿಹೊಂದಿಸುವುದು. ಪ್ರೋಗ್ರಾಂ ಬರೆಯಬಲ್ಲವರು ‘ವೆಬ್‌ಹುಕ್’ ಬಳಸಿ ಹಲವು ಕೋಷ್ಟಕಗಳ ಬದಲಾವಣೆಯನ್ನು ಹಳೆಯ ಮೌಲ್ಯಸಹಿತ ಒಮ್ಮೆಗೇ ಪಡೆಯಬಹುದು.

ಸೇಲ್ಸ್‌ಫೋರ್ಸ್‌ನಲ್ಲಿ ಫೀಲ್ಡ್ ಚರಿತ್ರೆ ಸಿದ್ಧವಾಗಿಯೇ ಬರುತ್ತದೆ. ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಕೋಷ್ಟಕದ 20 ಫೀಲ್ಡುಗಳನ್ನು ಆರಿಸಬಹುದು. ಪರದೆಯಲ್ಲಿ 18 ತಿಂಗಳ ಚರಿತ್ರೆ ದೊರೆಯುತ್ತದೆ. 255 ಅಕ್ಷರಕ್ಕೂ ಉದ್ದದ ಫೀಲ್ಡುಗಳಲ್ಲಿ ‘ಬದಲಾಯಿತು’ ಎಂಬುದಷ್ಟೇ ದಾಖಲಾಗುತ್ತದೆ, ಹಳೆಯ ಮತ್ತು ಹೊಸ ಮೌಲ್ಯಗಳು ದಾಖಲಾಗುವುದಿಲ್ಲ. ಮೈಕ್ರೋಸಾಫ್ಟ್ ಡೇಟಾವರ್ಸ್‌ನಲ್ಲಿ ಇಡೀ ಪರಿಸರ, ಕೋಷ್ಟಕ, ಫೀಲ್ಡ್ ಹೀಗೆ ಮೂರು ಮಟ್ಟಗಳಲ್ಲಿ ಆಡಿಟ್ ಚಾಲನೆಗೊಳಿಸಬೇಕು. ಒಂದು ಮಟ್ಟದಲ್ಲಿ ಮರೆತರೂ ದಾಖಲೆ ಇಲ್ಲ.

ಫ್ರಾಪೆ ಚೌಕಟ್ಟು ಈ ಲೇಖನದಲ್ಲಿ ಹೇಳಿದ ಏಕವಹಿ ಪದ್ಧತಿಯನ್ನೇ ಅನುಸರಿಸಿದೆ. ‘ಟ್ರ್ಯಾಕ್ ಚೇಂಜಸ್’ ಎಂಬ ಗುರುತು ಹಾಕಿದರೆ ಎಲ್ಲ ಬಗೆಯ ದಾಖಲೆಗಳ ಬದಲಾವಣೆಯೂ ‘ವರ್ಷನ್’ ಎಂಬ ಒಂದೇ ಕೋಷ್ಟಕಕ್ಕೆ ಹೋಗುತ್ತದೆ. ಯಾವ ಬಗೆಯ ದಾಖಲೆ, ಅದರ ಹೆಸರು, ಫೀಲ್ಡ್, ಹಳೆಯದು, ಹೊಸದು ಎಲ್ಲವೂ ಅಲ್ಲಿ ಸಿಗುತ್ತವೆ.

ಕಾನೂನು ಏನೆನ್ನುತ್ತದೆ?

ಕಂಪನಿಗಳ ಮಟ್ಟಿಗೆ ಇದು ಇಷ್ಟಾನಿಷ್ಟದ ಮಾತಾಗಿ ಉಳಿದಿಲ್ಲ. ಕಂಪನಿಗಳ (ಲೆಕ್ಕಪತ್ರ) ನಿಯಮಗಳಿಗೆ ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ತಂದ ತಿದ್ದುಪಡಿ, ಎರಡು ಬಾರಿ ಮುಂದೂಡಲ್ಪಟ್ಟು, 2023ರ ಏಪ್ರಿಲ್ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದ ಜಾರಿಗೆ ಬಂತು. ಲೆಕ್ಕಪತ್ರ ತಂತ್ರಾಂಶ ಬಳಸುವ ಕಂಪನಿಯ ತಂತ್ರಾಂಶದಲ್ಲಿ ಪ್ರತಿ ವ್ಯವಹಾರದ ಜಾಡು ಉಳಿಯಬೇಕು, ಪ್ರತಿ ತಿದ್ದುಪಡಿ ದಿನಾಂಕಸಹಿತ ದಾಖಲಾಗಬೇಕು, ಮತ್ತು ಆ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಿರಬಾರದು. ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಈ ಬಗ್ಗೆ ಹೇಳಲೇಬೇಕು. ಬೆಂಗಳೂರಿನ ಟ್ಯಾಲಿ ಸಂಸ್ಥೆ ತನ್ನ ತಂತ್ರಾಂಶದ ‘ಎಡಿಟ್ ಲಾಗ್’ ಆವೃತ್ತಿಯನ್ನು ಹೊರತಂದದ್ದು ಈ ಹಿನ್ನೆಲೆಯಲ್ಲೇ.

ಟ್ರಸ್ಟು, ಸಂಘಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ಅದರ ಕೊನೆಯ ಮಾತು ಎಲ್ಲರಿಗೂ ಉಪಯುಕ್ತ: ವಹಿಯನ್ನು ನಿಲ್ಲಿಸುವ ಗುಂಡಿ ತಿದ್ದುವವರ ಕೈಯಲ್ಲಿ ಇರಬಾರದು.

ಆಕ್ಸೆಸ್‌ನ ಮಿತಿ ಕಾಣುವುದು ಇಲ್ಲಿಯೇ. ಕಡತಕ್ಕೆ ಬರೆಯುವ ಹಕ್ಕುಳ್ಳ ಜಾಣನೊಬ್ಬ ವಹಿಯ ಸಾಲನ್ನೂ ಅಳಿಸಬಲ್ಲ. ಹಣಕಾಸಿನ ವ್ಯವಹಾರ ದೊಡ್ಡದಿದ್ದರೆ ಕೋಷ್ಟಕಗಳನ್ನು ಎಸ್‌ಕ್ಯೂಎಲ್ ಸರ್ವರ್‌ನಂತಹ ಡೇಟಾಬೇಸಿಗೆ ಸಾಗಿಸಿ, ಆಕ್ಸೆಸ್ ಅನ್ನು ಮುಂಪರದೆಯಾಗಿ ಮಾತ್ರ ಬಳಸುವುದು ಸೂಕ್ತ. ಅಲ್ಲಿ ಡೇಟಾ ಮ್ಯಾಕ್ರೋ ಬದಲು ‘ಟ್ರಿಗರ್’ ಕೆಲಸ ಮಾಡುತ್ತದೆ. ಸಿಬ್ಬಂದಿಗೆ ವಹಿಯನ್ನು ಅಳಿಸುವ ಅಧಿಕಾರವನ್ನೇ ಕೊಡದಿರಬಹುದು. 2022ರ ಆವೃತ್ತಿಯಲ್ಲಿ ಬಂದ ‘ಲೆಡ್ಜರ್’ ಕೋಷ್ಟಕಗಳು ಹಿಂದಿನ ಸಾಲುಗಳನ್ನು ಯಾರಾದರೂ ತಿರುಚಿದರೆ ಪತ್ತೆಹಚ್ಚುವ ಸೌಲಭ್ಯವನ್ನೂ ಒಳಗೊಂಡಿವೆ.

ಗೋಪ್ಯತೆಯ ಪ್ರಶ್ನೆಯೂ ಇದೆ. ವಹಿಯಲ್ಲಿ ಜನರ ಹಳೆಯ ಫೋನ್ ಸಂಖ್ಯೆ, ಹಳೆಯ ಖಾತೆ, ಹಳೆಯ ವಿಳಾಸ ಎಲ್ಲವೂ ಶೇಖರವಾಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ತಿದ್ದಿಸುವ ಮತ್ತು ಅಳಿಸಿಸುವ ಹಕ್ಕನ್ನು ಹೇಳಲಾಗಿದೆ. ಮೂಲ ಕೋಷ್ಟಕದಿಂದ ಅಳಿಸಿದ್ದು ವಹಿಯಲ್ಲಿ ಉಳಿದೇ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಯಾವುದನ್ನು ಎಷ್ಟು ವರ್ಷ ಇಡಬೇಕು, ಯಾರು ನೋಡಬಹುದು ಎಂಬುದನ್ನು ಮೊದಲೇ ಬರೆದು ನಿರ್ಧರಿಸಬೇಕು.

ಐದು ಪರೀಕ್ಷೆಗಳು

ವಹಿ ಕಟ್ಟಿದ ಮೇಲೆ ಅದನ್ನು ನಂಬುವ ಮುನ್ನ, ಡೇಟಾಬೇಸಿನ ಒಂದು ನಕಲಿನ ಮೇಲೆ ಐದು ಪರೀಕ್ಷೆ ನಡೆಸಿ. ನಮೂನೆಯಲ್ಲಿ ಒಂದು ಮೌಲ್ಯ ಬದಲಿಸಿ. ಕೋಷ್ಟಕವನ್ನು ನೇರವಾಗಿ ತೆರೆದು ಇನ್ನೊಂದನ್ನು ಬದಲಿಸಿ. ಕ್ವೆರಿಯಿಂದ ಹತ್ತು ಸಾಲುಗಳನ್ನು ಒಮ್ಮೆಗೇ ಬದಲಿಸಿ. ಖಾಲಿ ಫೀಲ್ಡನ್ನು ತುಂಬಿಸಿ, ತುಂಬಿದ್ದನ್ನು ಖಾಲಿ ಮಾಡಿ. ಕೊನೆಗೆ ಒಂದು ಸಾಲನ್ನು ಅಳಿಸಿ. ಐದೂ ವಹಿಯಲ್ಲಿ ಸರಿಯಾಗಿ ಕಂಡರೆ ಮಾತ್ರ ಕೆಲಸ ಮುಗಿಯಿತು ಎನ್ನಿ.

ಅದಾದ ಮೇಲೆ ತಿಂಗಳಿಗೊಮ್ಮೆ ಯಾರಾದರೂ ವಹಿಯನ್ನು ಓದಬೇಕು. ಖಾತೆ ಸಂಖ್ಯೆ, ರಿಯಾಯಿತಿ, ಅಂಕಗಳು ಈ ಮೂರರ ಬದಲಾವಣೆಗಳನ್ನಾದರೂ ಮುದ್ರಿಸಿ, ಅರ್ಜಿಗಳೊಡನೆ ತಾಳೆ ನೋಡಬೇಕು. ಯಾರೂ ಓದದ ವಹಿ ಅನಾಹುತ ನಡೆದ ಮೇಲಷ್ಟೇ ಪ್ರಯೋಜನಕ್ಕೆ ಬರುತ್ತದೆ. ಓದುವ ವಹಿಯಾದರೆ ಜೂನ್‌ನಲ್ಲಿ ಆದ ತಪ್ಪು ಸೆಪ್ಟೆಂಬರ್‌ವರೆಗೆ ಕಾಯದೆ ಜುಲೈಯಲ್ಲಿಯೇ ಸಿಕ್ಕಿಬೀಳುತ್ತದೆ.

ಇಂತಹ ವಹಿ ಇದೆ ಎಂಬುದನ್ನು ಸಿಬ್ಬಂದಿಗೆ ಮುಚ್ಚಿಡಬಾರದು. ಅದು ನೌಕರರನ್ನು ಹಿಡಿಯಲು ಒಡ್ಡಿದ ಬಲೆಯಲ್ಲ. ತಪ್ಪು ಮಾಡದ ಗುಮಾಸ್ತ ‘ನಾನು ಮಾಡಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಂಬುವವರು ಕಡಿಮೆ. ಅದೇ ಮಾತನ್ನು ದಿನಾಂಕ, ಸಮಯಸಹಿತ ವಹಿಯೇ ಹೇಳಿದರೆ ಅಲ್ಲಗಳೆಯುವುದು ಕಷ್ಟ.